ಹಲ್ಲಿದ್ದ ಕೋಳಿ

ನನ್ನ ತಮ್ಮ ಸೆಲ್ಮರನ ಮೈಯಿಂದ ಬಬಲ್‌ಗಮ್ ವಾಸನೆ ಬರತೊಡಗಿದ್ದು ಕೆರೆ ಪೂರ್ತಿ ಹೆಪ್ಪುಗಟ್ಟಿದ ಜನವರಿಯಲ್ಲಿ. ಅರವತ್ತು ದಾಟಿದ ಗಂಡಸು, ಹಲ್ಲಿನ ಡಾಕ್ಟರು, ಚರ್ಚಿನ ಹಾಡುವ ತಂಡದಲ್ಲಿ ಕೊನೆಯ ಸಾಲಿಗೆ ನಿಂತು ಬರೀ ತುಟಿ ಆಡಿಸುವ ಪ್ರಾಣಿ. ಜನ್ಮದಲ್ಲಿ ಒಂದು ಬಬಲ್‌ಗಮ್ ಜಗಿದವನಲ್ಲ. ಬೇರೆಯವರು ಜಗಿಯುವುದನ್ನು ಕಂಡರೆ ಅವರ ದವಡೆ ಹಲ್ಲುಗಳ ಗತಿ ನೆನೆದು ನಿಟ್ಟುಸಿರು ಬಿಡುವವನು. ಅಂಥವನು ಮಧ್ಯಾಹ್ನದ ಊಟದ ಬಿಡುವು ಮುಗಿಸಿ ಬಂದರೆ ಮೂಗಿನ ಸುತ್ತ ಕೆಂಪಗೆ ಒಂದು ತ್ರಿಕೋನ, ಮೈಯೆಲ್ಲ ಮಿಠಾಯಿ ಅಂಗಡಿಯ ಘಮಲು, ಮುಖದಲ್ಲಿ ಎಳೆಗರುವಿನ ಸಂತೋಷ.

ನಾನು ಆರ್ಡಿಸ್, ಅವನ ಅಕ್ಕ. ಅವನ ಕ್ಲಿನಿಕ್ಕಿನ ಮುಂದಿನ ಮೇಜಿನ ಹಿಂದೆ ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದವಳು. ಫೋನು ಎತ್ತುವುದು, ಸರದಿ ನೋಡುವುದು, ಹತ್ತಿ, ಔಷಧಿ, ಗ್ಯಾಸಿನ ಸಿಲಿಂಡರು ತರಿಸುವುದು, ಎಲ್ಲ ನನ್ನದೇ ಕಾರುಬಾರು. ನನ್ನ ಕಣ್ಣು ತಪ್ಪಿಸಿ ಒಂದು ಹತ್ತಿಯುಂಡೆ ಕೂಡ ಅಲ್ಲಿಂದ ಆಚೆ ಹೋಗುವುದಿಲ್ಲ. ಆ ತ್ರಿಕೋನ ಎಲ್ಲಿಂದ ಬಂತು ಅನ್ನುವುದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

ನಮ್ಮಲ್ಲಿ ಮೂರನೇ ಕೋಣೆ ಮಕ್ಕಳದು. ಹೆದರಿ ಅಳುವ ಮಕ್ಕಳ ಮೂಗಿಗೆ ರಬ್ಬರಿನ ಸಣ್ಣ ಮುಸುಕು ಹಾಕಿ ನಗೆಗ್ಯಾಸು ಬಿಡುತ್ತೇವೆ. ಮಕ್ಕಳಿಗೆ ಇಷ್ಟವಾಗಲಿ ಅಂತ ಆ ಮುಸುಕಿಗೆ ಬಬಲ್‌ಗಮ್ ಪರಿಮಳ ಸೇರಿಸಿರುತ್ತಾರೆ. ಸೂಜಿ ಚುಚ್ಚಿದ್ದೂ ತಿಳಿಯದೆ ಮಕ್ಕಳು ಕಿಲಕಿಲ ನಗುತ್ತ ಹೊರಗೆ ಬರುತ್ತವೆ. ಎಷ್ಟೋ ಮಕ್ಕಳು ನನ್ನ ಮೇಜಿಗೆ ಗಲ್ಲ ಊರಿ, ಒಳಗೆ ಹಲ್ಲಿರುವ ಕೋಳಿಯನ್ನು ನೋಡಿದೆ ಎಂದು ಹೇಳಿದ್ದುಂಟು. ಗ್ಯಾಸಿನ ಮಹಿಮೆ ಅಂದುಕೊಂಡು ನಾನು ಒಂದು ಸ್ಟಿಕರ್ ಕೊಟ್ಟು ಕಳಿಸುತ್ತಿದ್ದೆ.

ಆ ಮಕ್ಕಳ ಪಾಲಿನ ಗ್ಯಾಸನ್ನು ನನ್ನ ತಮ್ಮ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ತಾನೇ ಎಳೆಯುತ್ತಿದ್ದ. ವಿಷಯ ಇಷ್ಟೇ. ಬೇರೆ ಊರಿನವರಾಗಿದ್ದರೆ ಬಾಗಿಲು ತಟ್ಟಿ, ಏನೋ ಇದು ನಿನ್ನ ಅವತಾರ ಎಂದು ಕೇಳಿ ಮುಗಿಸುತ್ತಿದ್ದರು.

ಅಮೆರಿಕದ ಉತ್ತರದ ತುದಿಯ ನಮ್ಮ ಮಿನೆಸೋಟದಲ್ಲಿ ಹಾಗೆಲ್ಲ ಕೇಳುವ ಹಾಗಿಲ್ಲ. ನಮ್ಮ ಕಡೆ ಯಾರೂ ಯಾರಿಗೂ ಏನನ್ನೂ ನೇರವಾಗಿ ಹೇಳುವುದಿಲ್ಲ. ಎದುರು ಮನೆಗೆ ಬೆಂಕಿ ಬಿದ್ದರೂ, ಇವತ್ತು ನಿಮ್ಮ ಕಡೆ ಸ್ವಲ್ಪ ಬೆಚ್ಚಗಿರುವ ಹಾಗಿದೆ ಎಂದೇ ಮಾತು ಶುರುಮಾಡಬೇಕು. ಕಾಫಿ ಬೇಕೇ ಎಂದು ಕೇಳಿದರೆ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ಸುಮ್ಮನೆ ನಿಮಗ್ಯಾಕೆ ತೊಂದರೆ ಅನ್ನಬೇಕು, ಮೂರನೇ ಸಲ ಕೇಳಿದಾಗ ಮಾತ್ರ, ಹೇಗೂ ಮಾಡಿದ್ದರೆ ಒಂದು ಗುಟುಕು ಎಂದು ಲೋಟ ಮುಂದೆ ಹಿಡಿಯಬೇಕು. ಕೇಳುವವರಿಗೂ ಅಷ್ಟೇ ಜವಾಬ್ದಾರಿ ಇದೆ. ಮೂರು ಸಲ ಕೇಳದಿದ್ದರೆ ಕೇಳಿಯೇ ಇಲ್ಲ ಅಂತ ಲೆಕ್ಕ.

ಸೆಲ್ಮರ್ ಈ ವಿದ್ಯೆಯಲ್ಲಿ ಇಡೀ ಊರಿಗೇ ಗುರು. ಮದುವೆಯ ದಿನ ಪಾದ್ರಿ, ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು ಕೇಳಿದಾಗ, ಅವಳಿಗೇನೂ ತೊಂದರೆ ಇಲ್ಲ ಅಂದ್ರೆ ಆಗಬಹುದು ಎಂದ ಮಹಾನುಭಾವ ಇವನು. ಮದುಮಗಳು ಡೆಲೋರಿಸ್ ಹೂಗುಚ್ಛದಲ್ಲಿ ಮುಖ ಹುದುಗಿಸಿ ನಕ್ಕ ನಗು ಚರ್ಚಿನ ಹೆಂಚು ಹಾರಿಸುವಂತಿತ್ತು. ಅವಳು ಷಿಕಾಗೋದವಳು, ನಮ್ಮ ಹಾಗಲ್ಲ. ಕಾಫಿ ಬೇಕಾದರೆ ಬೇಕು ಅನ್ನುವಳು, ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಎಲ್ಲರ ಕಣ್ಣೆದುರೇ ಎತ್ತಿ ತಿನ್ನುವಳು. ಮೊದಮೊದಲು ನನಗೆ ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ಆಮೇಲೆ ಅವಳಿಲ್ಲದೆ ಭಾನುವಾರದ ಊಟ ಸೇರದಂತಾಯಿತು. ಎರಡು ವರ್ಷದ ಹಿಂದೆ, ಹಿಮ ಕರಗುವ ಹೊತ್ತಿಗೆ, ಹೃದಯ ನಿಂತು ಹೋಗಿಬಿಟ್ಟಳು. ಅವತ್ತಿನಿಂದ ಸೆಲ್ಮರ್ ನಕ್ಕಿದ್ದನ್ನು ನಾನು ಕಂಡಿರಲಿಲ್ಲ, ಈ ಬಬಲ್‌ಗಮ್ ಶುರುವಾಗುವ ತನಕ.

ಈಗ ನೋಡಿ, ನಗುವುದೇನು, ಕುಣಿಯುವುದೇನು. ಮಧ್ಯಾಹ್ನದ ಮೊದಲ ರೋಗಿ ಬಾಯಿ ತೆರೆದರೆ, ಒಂದೊಂದು ಹಲ್ಲಿಗೂ ಬೇರೆಬೇರೆಯಾಗಿ ನಮಸ್ಕಾರ ಹೇಳುವನು. ಕೊರೆಯುವ ಯಂತ್ರಕ್ಕೆ ಇಂಗಾ ಎಂದು ಹೆಸರಿಟ್ಟ. ಅದು ನಮ್ಮ ದೊಡ್ಡಮ್ಮನ ಹೆಸರು, ದನಿಯೂ ಹಾಗೇ ಇತ್ತು ಅನ್ನಿ. ಬ್ಯಾಂಕಿನ ಮ್ಯಾನೇಜರ ಕೋಟಿಗೆ ‘ನಾನು ಅಳಲಿಲ್ಲ’ ಅನ್ನುವ ಸ್ಟಿಕರ್ ಅಂಟಿಸಿದ. ಅವರು ಅದನ್ನು ಹಾಕಿಕೊಂಡೇ ಸಭೆಗೆ ಹೋದರು. ಜನರಿಗೆ ಇದು ಎಷ್ಟು ಹಿಡಿಸಿತೆಂದರೆ, ಇಪ್ಪತ್ತು ವರ್ಷ ಹಲ್ಲು ತೋರಿಸದವರೆಲ್ಲ ಫೋನು ಮಾಡಿ ಮಧ್ಯಾಹ್ನದ ಹೊತ್ತಿಗೇ ಸಮಯ ಕೇಳತೊಡಗಿದರು. ಪಕ್ಕದ ಹೊಲದ ಮುದುಕ ವಿಲ್ಬರನ ಬಾಯಲ್ಲಿ ಇದ್ದದ್ದೇ ಏಳೆಂಟು ಹಲ್ಲು, ಅವನೂ ವಾರಕ್ಕೊಂದು ನೋವು ಹುಟ್ಟಿಸಿಕೊಂಡು ಬಂದು ಕೂರುತ್ತಿದ್ದ.

ಗ್ಯಾಸಿನ ಸಿಲಿಂಡರು ತಂದುಕೊಡುವ ಹುಡುಗ ಡ್ವೇನ್ ಮಾತ್ರ ಒಂದು ದಿನ ಖಾಲಿ ಸಿಲಿಂಡರನ್ನು ಉರುಳಿಸುತ್ತ ನಿಂತ.

“ಏನ್ ಆರ್ಡಿಸಮ್ಮ, ಈ ಜಿಲ್ಲೆ ಮಕ್ಕಳಿಗೆಲ್ಲ ಒಂದೇ ಸಲ ಹಲ್ಲು ಹುಳುಕಾಯ್ತಾ?”

“ಚಳಿ ಜಾಸ್ತಿ ಅಲ್ವಾ ಈ ಸಲ,” ಅಂದೆ.

“ಹೌದೌದು, ಚಳಿ ಜಾಸ್ತಿ,” ಎಂದು ಅವನೂ ತಲೆಯಾಡಿಸಿ ಹೋದ. ನಮ್ಮ ಕಡೆಯ ಹುಡುಗ, ಒಳ್ಳೆಯ ಸಂಸ್ಕಾರ.

ನನಗೆ ಭಯ ಹತ್ತಿದ್ದು ಬೂಟಿನ ದಿನ. ಅವತ್ತು ಸೆಲ್ಮರ್ ಕಾರು ನಿಲ್ಲಿಸಿ ಒಳಗೆ ಬಂದ, ನನಗೆ ಶುಭೋದಯ ಹೇಳಿ ಕೈ ತೊಳೆಯಲು ಹೋದ. ಹಿಂದೆಯೇ ವಿಲ್ಬರ್ ಬಂದ, ಕೈಯಲ್ಲಿ ಒಂದು ಬೂಟು.

“ಹಿಮದಾಗೆ ಸಿಕ್ತು ತಾಯಿ,” ಅಂದ. “ಒಳಗೆ ಕಾಲು ಇಲ್ಲ, ನೋಡ್ದೆ.”

ಒಳಗೆ ಹೋಗಿ ನೋಡಿದರೆ ನನ್ನ ತಮ್ಮ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹಿಮ ಮೆತ್ತಿದ ಕಾಲುಚೀಲ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ನಿಂತಿದ್ದಾನೆ. ಹೊರಗೆ ಮೂಗಿನ ಸಿಂಬಳ ಗಾಜಾಗುವ ಚಳಿ. ಬೂಟು ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ವಿಲ್ಬರ್ ಬಿದ್ದು ಬಿದ್ದು ನಕ್ಕ, ಸೆಲ್ಮರನೂ ನಕ್ಕ. ನನಗೆ ನಗು ಬರಲಿಲ್ಲ. ಆ ಗ್ಯಾಸು ಅತಿಯಾದರೆ ನರಗಳನ್ನು ತಿಂದುಹಾಕುತ್ತದೆ, ಮೊದಲು ಕಾಲಿನ ಬೆರಳು, ಆಮೇಲೆ ಕೈಯ ಬೆರಳು ಜೋಮು ಹಿಡಿಯುತ್ತವೆ ಎನ್ನುವುದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಗೊತ್ತಿರುವ ಸಂಗತಿ. ಪಕ್ಕದ ಜಿಲ್ಲೆಯಲ್ಲಿ ಒಬ್ಬ ಡಾಕ್ಟರು ಹೀಗೇ ಮುಸುಕು ಹಾಕಿಕೊಂಡು ಮಲಗಿದವರು ಏಳಲೇ ಇಲ್ಲ. ಅದನ್ನು ತೆಗೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರ ತಿಥಿಗೆ ನಾನೇ ಆಲೂಗಡ್ಡೆ, ಮಾಂಸ ಪದರಪದರವಾಗಿ ಹಾಕಿ ಬೇಯಿಸುವ ನಮ್ಮ ಕಡೆಯ ಹಾಟ್‌ಡಿಶ್ ಮಾಡಿ ಒಯ್ದಿದ್ದೆ.

ಅವತ್ತು ಬೂಟನ್ನು ಒಲೆಯ ಪಕ್ಕ ಒಣಗಿಸಲು ಇಟ್ಟು ನನಗೆ ನಾನೇ ಹೇಳಿಕೊಂಡೆ, ಇವನಿಗೆ ಹೇಳಲೇಬೇಕು, ಇಲ್ಲದಿದ್ದರೆ ಇವನನ್ನೂ ಕಳೆದುಕೊಳ್ಳುತ್ತೇನೆ ಎಂದು. ಮಧ್ಯಾಹ್ನ ಮೂರನೇ ಕೋಣೆಯ ಹೊರಗೆ ಅವನನ್ನು ತಡೆದು ನಿಲ್ಲಿಸಿದೆ. ಬಾಯಿಂದ ಬಂದದ್ದೇನು ಗೊತ್ತೇ? ಕೆಲವರು ಹೇಳ್ತಾರಪ್ಪ, ಕೆಲವು ಬಾಗಿಲು ಕೆಲವು ಹೊತ್ತು ಮುಚ್ಚಿರ್ತವೆ ಅಂತ. ಅವನು ಒಂದು ಗಳಿಗೆ ಯೋಚಿಸಿ, ಇರಬಹುದು ಅಕ್ಕ ಅಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ನಮ್ಮಲ್ಲಿ ಹಲ್ಲು ಉಜ್ಜಿ ಸ್ವಚ್ಛ ಮಾಡುವ ಕೆಲಸ ಟ್ವೈಲಾಳದು. ಗಟ್ಟಿಗಿತ್ತಿ, ಒಂದು ಕೈಯಲ್ಲಿ ಕರುವನ್ನು ಎತ್ತುವವಳು. ಅವಳಿಗೂ ಎಲ್ಲ ಗೊತ್ತಿತ್ತು, ಅವಳೂ ತನ್ನ ಪಾಡಿಗೆ ತಾನು ಪ್ರಯತ್ನ ಮಾಡಿದ್ದಳು. ಬಬಲ್‌ಗಮ್ ಮುಸುಕುಗಳನ್ನು ಅಡಗಿಸಿ ಅಲ್ಲಿ ಪುದೀನದವನ್ನು ಇಟ್ಟಳಂತೆ, ಡಾಕ್ಟರಿಗೆ ಸಂದೇಶ ಮುಟ್ಟಲಿ ಅಂತ. ಡಾಕ್ಟರು ಎರಡು ದಿನ ಪುದೀನದ ವಾಸನೆ ಹೊಡೆಯುತ್ತ ಓಡಾಡಿದರು, ಅಷ್ಟೇ.

ನಾವಿಬ್ಬರೂ ಕೂತು ಸಂಚು ಹೂಡಿದೆವು. ಭಾನುವಾರ ಚರ್ಚು ಮುಗಿದ ಮೇಲೆ ಕ್ಲಿನಿಕ್ಕಿನಲ್ಲೇ ಒಂದು ಊಟ. ಸೆಲ್ಮರನನ್ನು ನಡುವೆ ಕೂರಿಸಿ, ಹೇಳಬೇಕಾದ್ದನ್ನು ಒಬ್ಬೊಬ್ಬರಾಗಿ ಹೇಳಿಬಿಡುವುದು. ಗಂಡಸೊಬ್ಬ ಇರಲಿ ಎಂದು ವಿಲ್ಬರನಿಗೂ ವಿಷಯ ತಿಳಿಸಿದೆವು. ಅವನು ಟೋಪಿ ತೆಗೆದು, ಡಾಕ್ಟ್ರ ಸಲುವಾಗಿ ಪ್ರಾಣ ಬೇಕಾದ್ರೂ ಕೊಡ್ತೀನಿ ಎಂದು ಮಾತು ಕೊಟ್ಟ. ನಾನು ಹಾಟ್‌ಡಿಶ್ ಮಾಡಿದೆ, ಟ್ವೈಲಾ ನಿಂಬೆಯ ಬಾರ್ ಎಂಬ ಸಿಹಿತಿಂಡಿಯ ತುಂಡುಗಳನ್ನು ತಂದಳು.

ಊಟ ಚೆನ್ನಾಗಿಯೇ ಆಯಿತು. ಆಮೇಲೆ ಟ್ವೈಲಾ ಗಂಟಲು ಸರಿಮಾಡಿಕೊಂಡು ಎದ್ದು ನಿಂತಳು. ಡಾಕ್ಟರ ಜತೆ ಕೆಲಸ ಮಾಡಿದ ವರ್ಷಗಳು ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದು ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು ಕೂತುಬಿಟ್ಟಳು. ನಮ್ಮ ಕಡೆ ಇದು ಪ್ರೇಮಪತ್ರಕ್ಕಿಂತ ಒಂದು ತೂಕ ಹೆಚ್ಚು. ವಿಲ್ಬರ್ ಎದ್ದು, ಈ ಸಲ ಕೆರೆಯ ಮಂಜುಗಡ್ಡೆ ಎಷ್ಟು ದಪ್ಪ ಇದೆ, ಮೇಲೆ ಟ್ರಕ್ಕು ಹೋದರೂ ತಡೆಯುತ್ತದೆ, ಆದರೆ ಒಂದೊಂದು ಕಡೆ ತೆಳ್ಳಗಿರುತ್ತದೆ, ಹುಷಾರಾಗಿರಬೇಕು ಅಂದ. ಪಾಪ, ಅವನ ಮಟ್ಟಿಗೆ ಅದು ನೇರ ಮಾತೇ. ಸೆಲ್ಮರ್ ಎಲ್ಲರನ್ನೂ ನೋಡಿದ. ಎದ್ದು ನಿಂತು, ತಾನು ಕ್ಲಿನಿಕ್ಕು ತೆರೆದು ಇಷ್ಟು ವರ್ಷವಾಯಿತೆಂದು ನೆನಪಿಟ್ಟುಕೊಂಡು ಔತಣ ಇಟ್ಟಿದ್ದಕ್ಕೆ ನಮಗೆಲ್ಲ ಧನ್ಯವಾದ ಹೇಳಿದ. ನಾವು ಚಪ್ಪಾಳೆ ತಟ್ಟಿದೆವು. ಮತ್ತೇನು ಮಾಡುವುದು?

ಆಗ ನಾನು ಜೀವ ಗಟ್ಟಿಮಾಡಿ ಕೇಳಿದೆ, ಸೆಲ್ಮರ್, ನಿನಗೆ ಯಾರದಾದರೂ ಸಹಾಯ ಬೇಕಾ ಎಂದು. ಅವನು ಬೇಡ ಅಂದ. ಎರಡನೇ ಸಲ ಕೇಳಿದೆ. ಸುಮ್ಮನೆ ನಿಮಗ್ಯಾಕೆ ತೊಂದರೆ ಅಂದ, ಆದರೆ ನನ್ನ ಕಣ್ಣನ್ನೇ ನೋಡುತ್ತಿದ್ದ. ಮೂರನೇ ಸಲಕ್ಕೆ ಬಾಯಿ ತೆರೆದೆ ನೋಡಿ, ವಿಲ್ಬರ್ ಪಾತ್ರೆ ಎತ್ತಿಕೊಂಡು, ಕೊನೇ ಬಾರ್ ಉಳಿದೈತೆ, ಯಾರಿಗ್ ಬೇಕು ಅಂದ. ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಕೊನೆಯ ತುಂಡನ್ನು ಯಾರೂ ತಿನ್ನುವುದಿಲ್ಲ. ಟ್ವೈಲಾ ಅರ್ಧ ಕತ್ತರಿಸಿಕೊಂಡಳು, ವಿಲ್ಬರ್ ಉಳಿದುದರಲ್ಲಿ ಅರ್ಧ, ಸೆಲ್ಮರ್ ಅದರಲ್ಲಿ ಅರ್ಧ, ಕೊನೆಗೆ ಉಗುರಿನಷ್ಟು ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟೆವು. ಅಷ್ಟು ಹೊತ್ತಿಗೆ ಸೆಲ್ಮರ್ ಕೋಟು ಹಾಕಿಕೊಂಡಿದ್ದ.

“ಎರಡಕ್ಕೇ ನಿಲ್ಸಿಬಿಟ್ರಲ್ರೀ ಆರ್ಡಿಸ್,” ಅಂದಳು ಟ್ವೈಲಾ, ಪಾತ್ರೆ ತೊಳೆಯುತ್ತ. ನನ್ನನ್ನು ಅಷ್ಟು ಕಟುವಾಗಿ ಅವಳು ಯಾವತ್ತೂ ಬೈದಿರಲಿಲ್ಲ.

ಸೋಮವಾರ ಮಧ್ಯಾಹ್ನ ಅವನಿಗಿಂತ ಮೊದಲೇ ನಾನು ಮೂರನೇ ಕೋಣೆಗೆ ನುಗ್ಗಿದೆ. ಕುರ್ಚಿಯಲ್ಲಿ ನಾನೇ ಮಲಗಿಬಿಟ್ಟರೆ ಇವನು ಎಲ್ಲಿ ಮಲಗುತ್ತಾನೆ ನೋಡೋಣ ಅನ್ನುವ ಹಟ. ಮಲಗಿದ ಮೇಲೆ ಹೊಳೆಯಿತು, ಇವನು ಬಂದು ನೋಡಿ, ಓ ಕ್ಷಮಿಸು ಎಂದು ಹೇಳಿ ಹೋಗುತ್ತಾನೆ. ನಾನು, ಪರವಾಗಿಲ್ಲ ಅನ್ನುತ್ತೇನೆ. ಆಮೇಲೆ ಅವನ ತಿಥಿಗೂ ಹಾಟ್‌ಡಿಶ್ ಮಾಡುತ್ತೇನೆ. ನನ್ನ ಈ ಹಾಳು ಬಾಯಿ ತಾನಾಗಿ ಮಾತಾಡುವುದಿಲ್ಲ ಅನ್ನುವುದು ನನಗೆ ಆಗ ಖಾತ್ರಿಯಾಯಿತು. ಮುಸುಕು ಪಕ್ಕದಲ್ಲೇ ತೂಗುತ್ತಿತ್ತು. ಮಕ್ಕಳಿಗೆ ಬಿಡುವುದನ್ನು ಎಷ್ಟು ಸಲ ನೋಡಿಲ್ಲ ನಾನು? ಮೂಗಿಗೆ ಸಿಕ್ಕಿಸಿಕೊಂಡು ತಿರುಗಣಿ ತಿರುಗಿಸಿದೆ.

ಬಬಲ್‌ಗಮ್ ವಾಸನೆ ಅಸಹ್ಯವಾಗಿತ್ತು. ಸ್ವಲ್ಪ ಹೊತ್ತಿಗೆ ಪರವಾಗಿಲ್ಲ ಅನ್ನಿಸಿತು. ಇನ್ನೂ ಸ್ವಲ್ಪ ಹೊತ್ತಿಗೆ, ಇಂಥ ಒಳ್ಳೆಯ ವಾಸನೆಯನ್ನು ಚರ್ಚಿನಲ್ಲಿ ಯಾಕೆ ಬಳಸುವುದಿಲ್ಲ ಅನ್ನಿಸಿತು. ಮೊಣಕಾಲು ನೋವು ಯಾರದೋ ಮನೆಗೆ ಹೋಯಿತು. ಹಾಗೇ ಅಂಗಾತ ಮಲಗಿ ಮೇಲೆ ನೋಡಿದೆ.

ಚಾವಣಿಯಲ್ಲಿ ಹಲ್ಲಿದ್ದ ಕೋಳಿ ಇತ್ತು.

ನನ್ನ ಹಲ್ಲನ್ನು ಸೆಲ್ಮರ್ ಒಂದನೇ ಕೋಣೆಯಲ್ಲೇ ನೋಡುತ್ತಿದ್ದ. ಮೂರನೆಯದರಲ್ಲಿ ನಾನು ಗುಡಿಸಿದ್ದೇನೆ, ಒರೆಸಿದ್ದೇನೆ, ತಲೆ ಎತ್ತಿ ನೋಡಿದವಳಲ್ಲ. ನಾನು ಕಸ ನೋಡುವವಳು. ಯಾವ ಕಾಲದಲ್ಲೋ ಡೆಲೋರಿಸ್ ಏಣಿ ಹತ್ತಿ ಬಣ್ಣ ಬಳಿಯುತ್ತಿದ್ದಳು ಎಂಬ ನೆನಪು ಆಗ ಬಂತು, ಸೋರುವ ಕಲೆ ಮುಚ್ಚುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಬಿಡಿಸುತ್ತಿದ್ದದ್ದು ಈ ಚಿತ್ರವನ್ನು. ದಪ್ಪ ಕೆಂಪು ಕೋಳಿ. ಕೊಕ್ಕಿನ ತುಂಬ ಬಿಳೀ ಹಲ್ಲುಗಳು. ಮೂಗಿನ ಮೇಲೆ ಡೆಲೋರಿಸಳ ಹಸಿರು ಕನ್ನಡಕ. ತಲೆ ಹಿಂದಕ್ಕೆ ಹಾಕಿ, ಅವಳೇ ನಗುತ್ತಿದ್ದ ಹಾಗೆ ನಗುತ್ತಿತ್ತು.

ಬಾಗಿಲು ತೆರೆಯಿತು. ಸೆಲ್ಮರ್ ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದ. ಅವನ ಮುಖ ಕಂಡದ್ದೇ ನನಗೆ ನಗು ಶುರುವಾಯಿತು, ಹೊಟ್ಟೆ ಹಿಡಿದುಕೊಳ್ಳುವ ನಗು.

“ನೀನು ಸಾಯ್ತೀಯ ಕಣೋ,” ಅಂದೆ, ನಗುತ್ತ. “ಈ ಮಿಠಾಯಿ ವಾಸನೆ ಹೊಡ್ಕೊಂಡು ಸಾಯ್ತೀಯ. ನಾನು ನಿನ್ನ ಪೆಟ್ಟಿಗೆ ಪಕ್ಕ ನಿಂತು, ಬಂದೋರಿಗೆಲ್ಲ ಇನ್ನೂ ಸ್ವಲ್ಪ ಹಾಟ್‌ಡಿಶ್ ಹಾಕ್ಕೊಳ್ಳಿ ಅಂತ ಹೇಳ್ಬೇಕೇನೋ?”

“ಅಕ್ಕ, ಅದನ್ನ ತೆಗಿ.”

“ತೆಗೆಯಲ್ಲ. ತೆಗೆದ್ರೆ ಹವಾಮಾನ ಮಾತಾಡ್ತೀನಿ.” ನಗು ತಡೆಯಲಾಗುತ್ತಿರಲಿಲ್ಲ, ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. “ಮಕ್ಕಳ ಗ್ಯಾಸು ಕದೀತೀಯಲ್ಲೋ ಕಳ್ಳ. ಬೂಟು ಬಿದ್ರೂ ಗೊತ್ತಾಗಲ್ಲ ನಿಂಗೆ. ಅವಳು ಹೋದ್ಲು, ನೀನೂ ಹೋದ್ರೆ ನಂಗ್ಯಾರೋ ಇದಾರೆ? ಆ ವಿಲ್ಬರನಾ?”

ವಿಲ್ಬರನ ಹೆಸರು ಹೇಳಿದ್ದೇ ತಡ, ಮತ್ತೆ ನಗು ಒತ್ತರಿಸಿ ಬಂದು ಕುರ್ಚಿಯಿಂದ ಜಾರಿದೆ.

ಸೆಲ್ಮರ್ ಸ್ಯಾಂಡ್‌ವಿಚ್ ಕೆಳಗಿಟ್ಟು ಓಡಿಬಂದ. ಗ್ಯಾಸು ನಿಲ್ಲಿಸಿ ಬರೀ ಆಮ್ಲಜನಕ ಬಿಡಲು ತಿರುಗಣಿಗೆ ಕೈ ಹಾಕಿದ. ಅವನ ಬೆರಳು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಸಾವಿರಾರು ಹಲ್ಲು ಕಿತ್ತ ಕೈ ಅದು. ಕೊನೆಗೆ ಎರಡೂ ಅಂಗೈಯ ನಡುವೆ ಒತ್ತಿ ತಿರುಗಿಸಿದ. ಎಳೆ ಮಗುವಿಗೆ ಹೇಳುವ ಹಾಗೆ, ಉಸಿರು ತಗೋ ಅಕ್ಕ, ನಿಧಾನವಾಗಿ ತಗೋ ಅನ್ನುತ್ತ ನನ್ನ ತಲೆ ಹಿಡಿದುಕೊಂಡ. ನಗು ಇಳಿಯಿತು. ಅಳು ಮಾತ್ರ ಉಳಿಯಿತು.

ಅವನು ಡಾಕ್ಟರು ಕೂರುವ ಗಾಲಿ ಸ್ಟೂಲಿನ ಮೇಲೆ ಕೂತ.

“ಬೆರಳು ಗೊತ್ತಾಗ್ತಿಲ್ಲ ಅಕ್ಕ,” ಅಂದ. ತನ್ನ ಕೈಯನ್ನೇ ನೋಡುತ್ತಿದ್ದ. “ಕಾಲಂತೂ ಆವಾಗ್ಲೇ ಹೋಯ್ತು.”

ನಾನು ಮೇಲೆ ಬೆರಳು ತೋರಿಸಿದೆ. ಅವನು ತಲೆ ಎತ್ತಲಿಲ್ಲ, ಅದನ್ನು ನೋಡುವ ಅಗತ್ಯ ಅವನಿಗಿರಲಿಲ್ಲ.

“ಗ್ಯಾಸ್ ಹಾಕ್ಕೊಂಡ್ರೆ ನಗ್ತಾಳೆ. ಶಬ್ದಾನೂ ಕೇಳ್ಸತ್ತೆ. ಹಾಕ್ಕೊಳ್ದೆ ನೋಡಿದ್ರೆ ಬರೀ ಬಣ್ಣ.”

ಆ ಶಬ್ದ ನನಗೂ ಕೇಳಿಸಿತ್ತು. ನಾನು ಇನ್ನೊಂದು ಸಲ ಮುಸುಕಿಗೆ ಕೈ ಹಾಕುವ ಹಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಇಂಥ ಡಾಕ್ಟರುಗಳಿಗೆಂದೇ ಸರ್ಕಾರದ್ದೊಂದು ಕಚೇರಿ ಇದೆ. ಫೋನು ಮಾಡಿದರೆ ಚಿಕಿತ್ಸೆಗೆ ಕಳಿಸುತ್ತಾರೆ. ಅದು ಮುಗಿಯುವವರೆಗೆ ಹಲ್ಲು ಮುಟ್ಟುವ ಹಾಗಿಲ್ಲ, ಕ್ಲಿನಿಕ್ಕಿಗೆ ಬೀಗ ಬೀಳುತ್ತದೆ, ಮತ್ತೆ ತೆರೆಯುತ್ತಾರೋ ಇಲ್ಲವೋ ಹೇಳುವಂತಿಲ್ಲ. ಊರಿಗೆಲ್ಲ ಗೊತ್ತಾಗುತ್ತದೆ. ಇದೆಲ್ಲ ಅವನಿಗೂ ಗೊತ್ತು, ನನಗೂ ಗೊತ್ತು. ಮೂಗಿನ ಮೇಲಿನ ಮುಸುಕು ತೆಗೆದಿಟ್ಟೆ. ಈಗ ನನ್ನಲ್ಲಿ ಗ್ಯಾಸಿನ ಧೈರ್ಯ ಒಂದು ಚೂರೂ ಇರಲಿಲ್ಲ. ಮೂರು ಸಲ ಕೇಳಬೇಕು, ಈ ಸಲ ಯಾರು ಅಡ್ಡ ಬಂದರೂ, ಯಾರು ಯಾವ ಪಾತ್ರೆ ಎತ್ತಿಕೊಂಡು ಬಂದರೂ ನಿಲ್ಲಿಸಬಾರದು ಎಂದು ಹಲ್ಲು ಕಚ್ಚಿಕೊಂಡೆ.

“ಫೋನ್ ಮಾಡ್ಲಾ ಸೆಲ್ಮರ್?”

“ಮಾಡು,” ಅಂದ.

ನಾನು ಆಗಲೇ ಎರಡನೇ ಸಲ ಕೇಳಲು ಬಾಯಿ ತೆರೆದಿದ್ದೆ. ಹಾಗೇ ತೆರೆದುಕೊಂಡೇ ಇದ್ದೆ. ಕಾಫಿಗೆ ಹೂಂ ಅನ್ನದವನು, ಹೆಂಡತಿಗೆ ಹೂಂ ಅನ್ನದವನು, ಒಂದೇ ಸಲಕ್ಕೆ ಹೇಳಿದ್ದ. ಎಷ್ಟು ಹೆದರಿದ್ದಾನೆ ನನ್ನ ತಮ್ಮ ಅನ್ನುವುದು ನನಗೆ ಆಗ ಅರ್ಥವಾಯಿತು. ಅವನ ಕೈ ಹಿಡಿದು ಎಬ್ಬಿಸಿದೆ. ನನ್ನ ಹಿಡಿತ ಅವನಿಗೆ ತಿಳಿಯಿತೋ ಇಲ್ಲವೋ, ನಾನಂತೂ ಬಿಡಲಿಲ್ಲ.

ಮುಂದಿನ ಮೇಜಿಗೆ ಬಂದು ನಂಬರು ಒತ್ತಿದೆ. ಆ ಕಡೆ ಒಬ್ಬ ಹೆಂಗಸು ಎತ್ತಿದಳು, ದನಿಯಲ್ಲೇ ಗೊತ್ತಾಯಿತು ನಮ್ಮವಳೇ ಎಂದು. ತುಂಬ ಚಳಿ ಅಲ್ವಾ, ನಿಮ್ಮ ಕಡೆ ಹೇಗಿದೆ ಎಂದು ಕೇಳಿದಳು.

“ನಮ್ಮ ಡಾಕ್ಟ್ರು ಮಕ್ಕಳ ಗ್ಯಾಸು ತಾವೇ ಎಳೀತಿದಾರೆ,” ಅಂದೆ. “ಅವ್ನು ನನ್ ತಮ್ಮ. ನಂಗೆ ಅವ್ನು ಬೇಕು. ಚಳಿ ವಿಷ್ಯ ಆಮೇಲ್ ಮಾತಾಡೋಣ.”

ಅವಳ ನೌಕರಿಯಲ್ಲೇ ಇಂಥ ಮಾತು ಮೊದಲ ಸಲ ಕೇಳಿರಬೇಕು. ಆಮೇಲೆ ಕಾಗದ ಸರಿಸುವ ಸದ್ದು ಬಂತು, ಹೆಸರು ಹೇಳಿ ಎಂದಳು. ಸೆಲ್ಮರ್ ನನ್ನ ಪಕ್ಕದಲ್ಲಿ ನಿಂತಿದ್ದ. ಹೆಸರು ಹೇಳುವ ಮೊದಲು ಬಗ್ಗಿ ಅವನ ಕಾಲು ನೋಡಿದೆ. ಎರಡೂ ಬೂಟು ಇದ್ದವು.